ದಾನದ ಹಸುವೂ ಶೂನ್ಯ ಟಿಕೀಟೂ

ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಕಡಿಮೆ. ಅದರಲ್ಲೊಂದು ಸೌಜನ್ಯವಿದೆ, ಒಪ್ಪಬೇಕು. ಕೊಟ್ಟವರ ಮನಸ್ಸು ನೋಯಬಾರದು, ಪಡೆದವರಲ್ಲಿ ಕೃತಜ್ಞತೆ ಇರಬೇಕು. ಆದರೆ ಈ ಗಾದೆಯ ಪಾಠ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚಾಗಿ ಆಗಿದೆ ಎಂದು ನನಗನ್ನಿಸುತ್ತದೆ. ತವರಿನಿಂದ ಬಂದ ಸೀರೆಯ ಬಣ್ಣ ಒಪ್ಪುವುದಿಲ್ಲ ಎನ್ನಬಾರದು. ಮನೆಖರ್ಚಿಗೆಂದು ಕೈಗಿಟ್ಟ ದುಡ್ಡು ಸಾಲದು ಎನ್ನಬಾರದು. ಓದಿಸಿದ್ದೇ ಹೆಚ್ಚು, ಯಾವ ಕಾಲೇಜು ಎಂದು ಕೇಳಬಾರದು. 'ಕೊಟ್ಟದ್ದನ್ನು ತಗೊಂಡು ಸುಮ್ಮನಿರು' ಎಂಬ ಮಾತು ಎಷ್ಟು ಚಿಕ್ಕಂದಿನಲ್ಲಿ ಕಿವಿಗೆ ಬಿದ್ದಿರುತ್ತದೆಂದರೆ, ದೊಡ್ಡವರಾದ ಮೇಲೆ ಅದನ್ನು ಬೇರೆ ಯಾರೂ ಹೇಳಬೇಕಾಗುವುದಿಲ್ಲ. ನಮಗೆ ನಾವೇ ಹೇಳಿಕೊಳ್ಳುತ್ತೇವೆ.

ಈ ಗಾದೆ ಈಗ ಬಸ್ಸು ಹತ್ತಿದೆ. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಆರಂಭವಾಯಿತು. ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಂದೆಲ್ಲಿಗೆ ಹೋದರೂ ಹೆಂಗಸರು ಕಾಸು ಕೊಡಬೇಕಾಗಿಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರು ಶೂನ್ಯ ಟಿಕೀಟು ಹರಿದುಕೊಡುತ್ತಾರೆ. 2025ರ ಜುಲೈ ಹೊತ್ತಿಗೆ ಹೀಗೆ ಕೊಟ್ಟ ಟಿಕೀಟುಗಳ ಲೆಕ್ಕ 500 ಕೋಟಿ ಮುಟ್ಟಿತು ಎಂದು ಸರ್ಕಾರವೇ ಸಂಭ್ರಮ ಆಚರಿಸಿತು. ಆ 500 ಕೋಟಿಯಲ್ಲಿ ನನ್ನವೂ ಕೆಲವು ನೂರು ಇವೆ, ನಿಮ್ಮವೂ ಇದ್ದಾವು. ಆಸ್ಪತ್ರೆಗೆ ಹೋದವರಿದ್ದಾರೆ, ಹೊಲಿಗೆ ಕಲಿಯಲು ಹೋದವರಿದ್ದಾರೆ, ವರ್ಷಗಳಿಂದ ನೋಡದಿದ್ದ ಅಕ್ಕನ ಮನೆಗೆ ಹೋದವರಿದ್ದಾರೆ, ಧರ್ಮಸ್ಥಳಕ್ಕೋ ಸವದತ್ತಿಗೋ ಹೋಗಿ ಕೈಮುಗಿದು ಬಂದವರಿದ್ದಾರೆ. ಸುಮ್ಮನೆ ಹೊರಗೆ ಹೋಗಬೇಕೆನಿಸಿ ಹೋದವರೂ ಇದ್ದಾರೆ. ಅದೇನು ಕಡಿಮೆ ಸಂಗತಿಯೆ?

ಇದರ ಹಿಂದೆಯೇ ಇನ್ನೊಂದು ಮಾತೂ ಹುಟ್ಟಿಕೊಂಡಿತು. ಬಸ್ಸು ನಿಲ್ಲಿಸದೆ ಹೋದರೆ, ಮೆಟ್ಟಿಲ ಮೇಲೆ ನೇತಾಡಬೇಕಾದರೆ, ಮುರಿದ ಸೀಟಿನ ಕಬ್ಬಿಣ ಸೀರೆ ಹರಿದರೆ, ಯಾರಾದರೊಬ್ಬಳು ಬಾಯಿಬಿಟ್ಟರೆ ಸಾಕು, 'ಪುಕ್ಕಟೆ ಬರ್ತೀರಿ, ಮೇಲಿಂದ ಮಾತು ಬೇರೆ' ಎಂದು ಯಾರೋ ಒಬ್ಬರು ಹೇಳಿಬಿಡುತ್ತಾರೆ. ಹೇಳುವವರು ಯಾವಾಗಲೂ ಗಂಡಸರೇ ಆಗಿರುವುದಿಲ್ಲ. ಪಕ್ಕದಲ್ಲಿ ನಿಂತ ಹೆಂಗಸೇ ತಗ್ಗಿದ ದನಿಯಲ್ಲಿ, 'ಬಿಡಿ ಅಕ್ಕ, ಕಾಸು ಕೊಟ್ಟಿದ್ದೀವಾ ಕೇಳೋಕೆ?' ಎನ್ನುತ್ತಾಳೆ. ಆ ಪ್ರಶ್ನೆ ಗದರಿಕೆಗಿಂತ ಆಳಕ್ಕೆ ಇಳಿಯುತ್ತದೆ. ಕಾಸು ಕೊಡದವಳಿಗೆ ಕೇಳುವ ಹಕ್ಕಿದೆಯೆ? ಇದು ಬಸ್ಸಿನ ಪ್ರಶ್ನೆಯಂತೆ ಕಂಡರೂ ನೀತಿಯ ಪ್ರಶ್ನೆ. ಇದನ್ನು ಸುಮ್ಮನೆ ಕೊಡವಿಕೊಂಡು ಹೋಗುವುದಕ್ಕಿಂತ ನಿಂತು ಯೋಚಿಸುವುದು ಒಳ್ಳೆಯದು.

ಮೊದಲು ಲೆಕ್ಕವನ್ನೇ ನೋಡೋಣ. ಶೂನ್ಯ ಟಿಕೀಟಿನಲ್ಲಿ ಶೂನ್ಯವಾಗಿರುವುದು ನಾವು ಕೈಯಿಂದ ಕೊಡುವ ಹಣ ಮಾತ್ರ. ನಾವು ಎಷ್ಟು ದೂರ ಹೋದೆವೋ ಅಷ್ಟರ ದರವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು ಎಂಬುದು ಯೋಜನೆಯ ಕ್ರಮ. ಸರ್ಕಾರಕ್ಕೆ ಆ ಹಣ ಎಲ್ಲಿಂದ ಬಂತು? ಸೋಪಿಗೆ, ಬಿಸ್ಕತ್ತಿಗೆ, ಮಿಕ್ಸಿಗೆ, ಮಗುವಿನ ಚಪ್ಪಲಿಗೆ ನಾವು ಕೊಡುವ ಬೆಲೆಯೊಳಗೆ ತೆರಿಗೆ ಅಡಗಿ ಕೂತಿರುತ್ತದೆ. ಆದಾಯ ತೆರಿಗೆ ಕಟ್ಟುವವರು ಮಾತ್ರ ತೆರಿಗೆದಾರರು ಎಂಬ ಭ್ರಮೆ ನಮ್ಮಲ್ಲಿ ಬಹಳ ಜನಕ್ಕಿದೆ. ತರಕಾರಿ ಮಾರುವ ಹೆಂಗಸು ಆ ಕಚೇರಿಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಆದರೆ ಬೆಳಗ್ಗೆ ಹಲ್ಲುಜ್ಜಿದ ಪೇಸ್ಟಿನಿಂದ ರಾತ್ರಿ ಹಚ್ಚಿದ ಸೊಳ್ಳೆಬತ್ತಿಯವರೆಗೆ ಅವಳೂ ಕಟ್ಟುತ್ತಲೇ ಬಂದಿದ್ದಾಳೆ.

ಈ ಲೆಕ್ಕದಿಂದ ಒಂದು ಸಮಾಧಾನ ಸಿಗುತ್ತದೆ ನಿಜ. ಆದರೆ ನನಗೆ ಇದರಿಂದ ಪೂರ್ತಿ ತೃಪ್ತಿಯಿಲ್ಲ. ಯಾಕೆಂದರೆ ಇದೂ ಕೊನೆಗೆ ಕಾಸಿನ ಮಾತೇ. 'ನಾನೂ ಕೊಟ್ಟಿದ್ದೇನೆ, ಅದಕ್ಕೇ ಕೇಳುತ್ತೇನೆ' ಎಂದರೆ, ಏನೂ ಕೊಡಲಾಗದವರು ಏನು ಮಾಡಬೇಕು? ಮಗನ ಮನೆಯ ಮೂಲೆಯಲ್ಲಿ ಕೂತ ಮುದುಕಿ, ಇನ್ನೂ ದುಡಿಯದ ಶಾಲೆಯ ಮಗು, ಕೆಲಸ ಕಳೆದುಕೊಂಡವನು, ಇವರಿಗೆಲ್ಲ ಬಾಯಿ ಇರಬಾರದೆ? ಇನ್ನೂ ಒಂದು ಪ್ರಶ್ನೆ: ಕಾಸು ಕೊಟ್ಟವರಿಗಾದರೂ ಕೇಳುವ ಹಕ್ಕು ತಾನಾಗಿಯೇ ಬಂದುಬಿಟ್ಟಿತ್ತೆ? ಇದಕ್ಕೆ ಉತ್ತರ ಹುಡುಕಲು ನಾವು ದೂರದ ಒಂದು ಊರಿಗೆ, ಸುಮಾರು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಮೆರಿಕದ ಅಲಬಾಮ ರಾಜ್ಯದ ಮಾಂಟ್‌ಗೊಮರಿ ಎಂಬ ಊರು. ಅಲ್ಲಿಯ ಸಿಟಿ ಬಸ್ಸಿಗೆ ಟಿಕೀಟು 10 ಸೆಂಟು; ಕರಿಯರಿಗೂ ಅಷ್ಟೇ, ಬಿಳಿಯರಿಗೂ ಅಷ್ಟೇ. ಮುಂದಿನ ಹತ್ತು ಸೀಟುಗಳು ಮಾತ್ರ ಬಿಳಿಯರಿಗೆ ಮೀಸಲು. ಅವು ಖಾಲಿಯಿದ್ದರೂ ಕರಿಯರು ಕೂರುವ ಹಾಗಿಲ್ಲ. ಎಷ್ಟೋ ಸಲ ಮುಂದಿನ ಬಾಗಿಲಲ್ಲಿ ಹತ್ತಿ ಕಾಸು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ಓಡಬೇಕಾಗುತ್ತಿತ್ತು. ಅಷ್ಟರಲ್ಲಿ ಬಸ್ಸು ಹೊರಟುಹೋದದ್ದೂ ಉಂಟು. ಬಿಳಿಯರ ಬಡಾವಣೆಯಲ್ಲಿ ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದ ಬಸ್ಸು ಕರಿಯರ ಬಡಾವಣೆಗೆ ಬಂದಾಗ ಹಾಗೆ ನಿಲ್ಲುತ್ತಿರಲಿಲ್ಲ. ಕಾಸು ಕೊಡುವುದರಿಂದಲೇ ಕೇಳುವ ಹಕ್ಕು ಬರುವುದಾದರೆ ಇವರಿಗೆ ಎಂದೋ ಬಂದಿರಬೇಕಿತ್ತು. ಆ ಊರಿನ ಬಸ್ಸುಗಳನ್ನು ನಡೆಸುತ್ತಿದ್ದುದೇ ಇವರ ಕಾಸು. ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಇವರೇ.

ಈ ಕಥೆ ಹೇಳುವಾಗ ಎಲ್ಲರೂ 1955ರ ಡಿಸೆಂಬರ್ 1ರಂದು ಸೀಟು ಬಿಟ್ಟು ಏಳಲೊಲ್ಲದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಅವರಿಂದ ಆರಂಭಿಸುತ್ತಾರೆ. ನನಗೆ ಮಾತ್ರ ಅದಕ್ಕಿಂತ ಹಿಂದಿನ ಭಾಗ ಹೆಚ್ಚು ಪ್ರಿಯ. ಆ ಊರಿನಲ್ಲಿ 1946ರಲ್ಲೇ ಮೇರಿ ಫೇರ್ ಬರ್ಕ್ಸ್ ಎಂಬ ಅಧ್ಯಾಪಕಿ ಕರಿಯ ಹೆಣ್ಣುಮಕ್ಕಳದೊಂದು ರಾಜಕೀಯ ಮಂಡಳಿ ಕಟ್ಟಿದ್ದರು. ಅದರಲ್ಲಿದ್ದವರಲ್ಲಿ ಟೀಚರುಗಳು ಬಹಳ. ಜೋ ಆನ್ ರಾಬಿನ್‌ಸನ್ ಎಂಬವರು ಅಲ್ಲಿಯ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದರು. 1949ರಲ್ಲಿ ಹೆಚ್ಚುಕಡಿಮೆ ಖಾಲಿಯಿದ್ದ ಬಸ್ಸಿನಲ್ಲಿ ಮುಂದಿನ ಭಾಗದಲ್ಲಿ ಕೂತರೆಂದು ಡ್ರೈವರನಿಂದ ಬೈಸಿಕೊಂಡು, ಅಳುತ್ತ ಇಳಿದರು. ಮುಂದೆ ಆ ಮಂಡಳಿಯ ಅಧ್ಯಕ್ಷೆಯಾದ ಮೇಲೆ ಅವರು ಮಾಡಿದ್ದು ಬಹಳ ಸಾದಾ ಕೆಲಸ: ಊರಿನ ಮೇಯರನ್ನು ಭೇಟಿಯಾದರು, ಅರ್ಜಿ ಕೊಟ್ಟರು, ಮತ್ತೆ ಭೇಟಿಯಾದರು, ಮತ್ತೆ ಕೊಟ್ಟರು.

1954ರ ಮೇ 21ರಂದು ಅವರು ಮೇಯರಿಗೆ ಬರೆದ ಪತ್ರ ಚರಿತ್ರೆಯಲ್ಲಿ ಉಳಿದಿದೆ. ಅದರಲ್ಲಿ ಸಿಟ್ಟಿನ ಒಂದು ಪದವೂ ಇಲ್ಲ. ಹಿಂದಿನ ಭೇಟಿಯ ನಂತರ ಕೆಲವು ಕಡೆ ಹೆಚ್ಚು ತಿರುವುಗಳಲ್ಲಿ ಬಸ್ಸು ನಿಲ್ಲತೊಡಗಿದ್ದನ್ನು ನೆನೆದಿದ್ದಾರೆ. ಕೇಳಿದ್ದನ್ನು ಒಂದೊಂದಾಗಿ ಹೇಳಿದ್ದಾರೆ. ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ನಾವು, ನಾವು ಹತ್ತದಿದ್ದರೆ ಬಸ್ಸು ನಡೆಯುವುದು ಕಷ್ಟ ಎಂಬ ಲೆಕ್ಕವನ್ನೂ ವಿನಯದಿಂದಲೇ ಮುಂದಿಟ್ಟಿದ್ದಾರೆ. ಒಂದೂವರೆ ವರ್ಷದ ಮೇಲೆ ಪಾರ್ಕ್ಸ್ ಅವರ ಬಂಧನವಾದ ರಾತ್ರಿ ಇದೇ ರಾಬಿನ್‌ಸನ್ ಕಾಲೇಜಿನ ಅಚ್ಚಿನ ಯಂತ್ರದ ಮುಂದೆ ನಿದ್ದೆಗೆಟ್ಟು ಹತ್ತಾರು ಸಾವಿರ ಕರಪತ್ರ ತೆಗೆದರು. ಡಿಸೆಂಬರ್ 5ರಿಂದ ಕರಿಯರು ಬಸ್ಸು ಹತ್ತುವುದನ್ನು ಬಿಟ್ಟರು. 381 ದಿನ ನಡೆದರು. ಇದ್ದ ಕಾರುಗಳನ್ನು ಹಂಚಿಕೊಂಡರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ತನ್ನ ಗೆಳತಿಯರನ್ನು ಕೂಡಿಸಿ ತಿಂಡಿ, ಕೇಕು ಮಾಡಿ ಮಾರಿ ಪೆಟ್ರೋಲಿಗೆ ಹಣ ಒದಗಿಸಿದಳು. ಬಸ್ಸಿನ ಭೇದದ ಕಾನೂನನ್ನೇ ರದ್ದುಮಾಡಿಸಿದ ಮೊಕದ್ದಮೆಯ ಫಿರ್ಯಾದಿಗಳು ನಾಲ್ವರು ಹೆಂಗಸರು. ಅವರಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ ಹುಡುಗಿ ಸೀಟು ಬಿಡಲೊಲ್ಲೆನೆಂದು ಬಂಧನಕ್ಕೊಳಗಾದಾಗ ಆಕೆಗೆ 15 ವರ್ಷ.

ಅವರ ಕಷ್ಟವನ್ನೂ ನಮ್ಮ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿಡಲು ನಾನು ಇದನ್ನು ಹೇಳಲಿಲ್ಲ. ಹಾಗೆ ಇಡುವುದು ಅವರಿಗೆ ಮಾಡುವ ಅವಮಾನ. ನಾನು ಕಂಡದ್ದು ಇಷ್ಟು: ಅವರು ಕಾಸು ಕೊಟ್ಟರೂ ಹಕ್ಕು ಸಿಗಲಿಲ್ಲ. ಅವರ ಕೈಯಲ್ಲಿದ್ದ 10 ಸೆಂಟು ಒತ್ತಾಯ ತರುವುದಕ್ಕೆ ಉಪಯೋಗಕ್ಕೆ ಬಂತು. ಆದರೆ ಕೇಳುವ ಅರ್ಹತೆ ಆ ನಾಣ್ಯದಿಂದ ಬಂದದ್ದಾಗಿರಲಿಲ್ಲ. ಊರು ಅವರದ್ದೂ ಆಗಿತ್ತು, ಅದರಿಂದ ಬಂತು. ಹಾಗಿದ್ದ ಮೇಲೆ ಕಾಸು ಕೊಡದಿರುವುದರಿಂದ ನಮ್ಮ ಅರ್ಹತೆ ಹೋಗುವುದಾದರೂ ಹೇಗೆ?

'ಅರ್ಹತೆಯೇನೋ ಸರಿ, ಒತ್ತಾಯ ತರಲು ನಮ್ಮ ಕೈಯಲ್ಲೇನಿದೆ? ಪುಕ್ಕಟೆ ಬರುವವಳು ನಾಳೆಯಿಂದ ಬರುವುದಿಲ್ಲ ಎಂದರೆ ಯಾರಿಗೆ ನಷ್ಟ?' ಎಂದು ನೀವು ಕೇಳಬಹುದು. ಶೂನ್ಯ ಟಿಕೀಟಿನ ಬಾಬ್ತು ನಿಗಮದ ಆದಾಯದ ಪುಸ್ತಕದಲ್ಲಿ ಬರೆಯಲ್ಪಡುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ನಾವು ಹತ್ತಿದ್ದಕ್ಕೂ ಇಳಿದದ್ದಕ್ಕೂ ಸಾಕ್ಷಿ ಆ ಚೀಟಿಯೇ. ಅದಕ್ಕೇ, 'ಫ್ರೀ ತಾನೇ, ಟಿಕೀಟು ಯಾಕೆ' ಎಂದು ಅದನ್ನು ತೆಗೆದುಕೊಳ್ಳದೆ ಕೂರುವುದು, ತೆಗೆದುಕೊಂಡು ಕಿಟಕಿಯಿಂದ ತೂರುವುದು, ಎರಡೂ ಸರಿಯಲ್ಲ. ಯಾವ ಮಾರ್ಗದಲ್ಲಿ ಎಷ್ಟು ಹೆಂಗಸರು ಯಾವ ಹೊತ್ತಿಗೆ ಹೋಗುತ್ತಾರೆ ಎಂದು ನಾಳೆ ಯಾರಾದರೂ ಲೆಕ್ಕ ಕೇಳಿದರೆ, ಈ ಚೀಟಿಗಳ ಮೊತ್ತವೇ ಉತ್ತರ.

ಇನ್ನು ಒಂದು ಅಳುಕು ಉಳಿಯುತ್ತದೆ. ಅದನ್ನು ಲಘುವಾಗಿ ನೋಡುವ ಹಾಗಿಲ್ಲ. 'ಜಾಸ್ತಿ ಮಾತಾಡಿದರೆ ಇದ್ದದ್ದೂ ಹೋದೀತು' ಎಂಬ ಭಯ. ಹೂವು ಕಟ್ಟಿ ಮಾರುವ ಒಬ್ಬಾಕೆ ನನಗೆ ಹೇಳಿದ್ದಳು: 'ತಿಂಗಳಿಗೆ ಬಸ್ಸಿಗೇ ಆಗ್ತಿದ್ದ ದುಡ್ಡು ಈಗ ಮಗಳ ಟ್ಯೂಷನ್ನಿಗೆ ಆಗ್ತದೆ. ನೀವು ದೂರು ಗೀರು ಅಂತ ಹೋಗಿ ಅದಕ್ಕೆ ಕಲ್ಲು ಹಾಕಬೇಡಿ.' ಆಕೆಯ ಭಯಕ್ಕೆ ಕಾರಣವಿದೆ. ಕೊಟ್ಟದ್ದನ್ನು ಕಿತ್ತುಕೊಂಡ ಅನುಭವ ಬಡವರಿಗೆ ಇರುವಷ್ಟು ಬೇರೆಯವರಿಗಿಲ್ಲ. ಆದರೆ ಈ ಭಯದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬಸ್ಸುಗಳು ಹಳತಾಗಿ, ಟ್ರಿಪ್ಪುಗಳು ಕಡಿಮೆಯಾಗಿ, ಸಂಜೆಯ ಬಸ್ಸು ನಿಂತುಹೋಗಿ, ಯೋಜನೆ ಮಾತ್ರ ಹಾಗೇ ಉಳಿದರೆ ಆಕೆಗೆ ಉಳಿಯುವುದೇನು? ಯೋಜನೆಯನ್ನು ಯಾರೂ ಕಿತ್ತುಕೊಳ್ಳದೆಯೇ ಅದು ಕೈತಪ್ಪಿ ಹೋಗಿರುತ್ತದೆ. ಕರಾವಳಿಯ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಬಹಳ ಮಾರ್ಗಗಳು ಖಾಸಗಿ ಬಸ್ಸುಗಳವು. ಅಲ್ಲಿ ಸರ್ಕಾರಿ ಬಸ್ಸೇ ಬಾರದ ಊರಿನ ಹೆಂಗಸಿಗೆ ಈ ಪುಕ್ಕಟೆ ಕಾಗದದ ಮೇಲಿನ ಪುಕ್ಕಟೆ. ಹಾಗಾಗಿ ಅಲ್ಲಿಯವರು ಸರ್ಕಾರಿ ಬಸ್ಸು ಕೊಡಿ ಎಂದು ಕೇಳುವುದು ಯೋಜನೆಗೆ ಕಲ್ಲು ಹಾಕಿದಂತಲ್ಲ. ಅದಕ್ಕೆ ಜೀವ ಕೊಡಿ ಎಂದು ಕೇಳಿದಂತೆ.

ಕೇಳುವುದಾದರೆ ಯಾರನ್ನು? ನಾವು ಸಾಮಾನ್ಯವಾಗಿ ಕೇಳುವುದು ಕಂಡಕ್ಟರನ್ನು, ಯಾಕೆಂದರೆ ಕೈಗೆ ಸಿಗುವವನು ಅವನೇ. ಬಾಗಿಲು ಮುಚ್ಚಲಾರದಷ್ಟು ಜನರ ಮಧ್ಯೆ ಯಂತ್ರ ಹಿಡಿದು ನೂಕಿಕೊಂಡು ಬರುವ ಆ ಹುಡುಗನಿಗೋ ಆ ಹೆಣ್ಣುಮಗಳಿಗೋ ಎಷ್ಟು ಬಸ್ಸು ಕೊಳ್ಳಬೇಕೆಂದು ತೀರ್ಮಾನಿಸುವ ಅಧಿಕಾರವಿಲ್ಲ. 2025ರ ಆಗಸ್ಟ್ 5ರಂದು ಸಾರಿಗೆ ನೌಕರರು ಮುಷ್ಕರ ಹೂಡಿದರು. ಅವರ ಮುಖ್ಯ ಬೇಡಿಕೆಗಳಲ್ಲೊಂದು 38 ತಿಂಗಳ ವೇತನ ಪರಿಷ್ಕರಣೆಯ ಬಾಕಿ. ಅವರಿಗೂ ಕೇಳುವುದಿದೆ, ಅವರೂ ಮೇಲೆ ನೋಡುತ್ತಿದ್ದಾರೆ ಎಂಬುದು ಆಗ ನಮಗೆ ತಿಳಿಯಬೇಕಿತ್ತು. ಸಿಟ್ಟು ಹತ್ತಿರದವರ ಮೇಲೆ ತಿರುಗುವಂತೆ, ಪ್ರಶ್ನೆ ದೂರದವರಿಗೆ ತಲುಪದಂತೆ ಇರುವುದು ಅಧಿಕಾರದಲ್ಲಿರುವವರಿಗೆ ಬಹಳ ಅನುಕೂಲ. ಮನೆಯಲ್ಲೂ ಹಾಗೇ ಅಲ್ಲವೆ? ಅತ್ತೆ ಸೊಸೆ ಜಗಳವಾಡುತ್ತಿದ್ದರೆ ಸಂಬಳ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.

ನಮ್ಮ ಬಡಾವಣೆ ಊರಿನ ಅಂಚಿನಲ್ಲಿದೆ. ಸಂಜೆ ಐದೂವರೆಗೆ ಬರಬೇಕಾದ ಬಸ್ಸು ವಾರಕ್ಕೆ ಎರಡು ದಿನವಾದರೂ ಬರುತ್ತಿರಲಿಲ್ಲ. ಕಾಲೇಜು ಬಿಟ್ಟ ಹುಡುಗಿಯರು ಏಳು ಗಂಟೆಯವರೆಗೆ ದೀಪವಿಲ್ಲದ ಕಡೆ ನಿಲ್ಲಬೇಕು. ಒಂದು ವರ್ಷ ಇದು ನಡೆಯಿತು. ಕೊನೆಗೊಂದು ಭಾನುವಾರ ಏಳೆಂಟು ಮಂದಿ ಹೆಂಗಸರು ಒಬ್ಬರ ಜಗಲಿಯಲ್ಲಿ ಕೂತೆವು. ಭಾಷಣ ಮಾಡಲು ಯಾರಿಗೂ ಬರುತ್ತಿರಲಿಲ್ಲ. ಹಾಲಿನ ಲೆಕ್ಕ ಬರೆಯಲು ಎಲ್ಲರಿಗೂ ಬರುತ್ತಿತ್ತು. ಅದೇ ರೀತಿ ಒಂದು ನೋಟ್‌ಬುಕ್ಕು ಮಾಡಿದೆವು. ಬಸ್ಸು ಬರಬೇಕಾದ ಹೊತ್ತು, ಬಂದ ಹೊತ್ತು, ಹತ್ತಲಾಗದೆ ಉಳಿದವರು ಎಷ್ಟು. ಸರದಿಯ ಮೇಲೆ ಮೂರು ವಾರ ಬರೆದೆವು. ಅದರ ಪ್ರತಿ ತೆಗೆದು, ಮೇಲೆ ಒಂದು ಪುಟದ ಅರ್ಜಿ ಇಟ್ಟು ಹೊರಟೆವು.

ಆಗ ತಿಳಿಯಿತು ಜವಾಬ್ದಾರಿಯೆಂಬುದು ಎಷ್ಟು ಬಾಗಿಲುಗಳ ಹಿಂದೆ ಕೂತಿರುತ್ತದೆ ಎಂದು. ಬಸ್ಸು ನಿಗಮದ್ದು, ನಿಗಮ ರಾಜ್ಯ ಸರ್ಕಾರದ್ದು. ಟ್ರಿಪ್ಪು ಬಿಡುವುದು ಘಟಕ, ಅದರ ಮೇಲೆ ವಿಭಾಗೀಯ ನಿಯಂತ್ರಣಾಧಿಕಾರಿ. ಆದರೆ ಬಸ್ಸು ನಿಲ್ಲುವ ತಂಗುದಾಣ, ಅಲ್ಲಿಯ ಬೀದಿದೀಪ ನಗರಸಭೆಯ ಪಾಲಿನವು. ಇದು ನಮ್ಮ ಸಂವಿಧಾನದಲ್ಲೇ ಇದೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೆಯ ತಿದ್ದುಪಡಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳ ಪಟ್ಟಿ ಮಾಡಿದೆ. ಬೀದಿದೀಪ, ಬಸ್ ನಿಲುಗಡೆಗಳು, ಸಾರ್ವಜನಿಕ ಶೌಚಾಲಯ ಅದರಲ್ಲಿವೆ. ಬಸ್ಸು ಓಡಿಸುವ ಕೆಲಸ ಹೆಸರಿಸಿಲ್ಲ. ಹಾಗಾಗಿ ಒಬ್ಬ ಹುಡುಗಿ ಸಂಜೆ ಕತ್ತಲಲ್ಲಿ ನಿಂತಿದ್ದರೆ, ಬಸ್ಸು ಬಾರದ್ದಕ್ಕೆ ಒಬ್ಬರು, ದೀಪ ಉರಿಯದ್ದಕ್ಕೆ ಇನ್ನೊಬ್ಬರು. ಇಬ್ಬರೂ ಪರಸ್ಪರ ಬೆರಳು ತೋರಿಸಬಹುದು, ಇಬ್ಬರೂ ಹೇಳುವುದು ಸತ್ಯವೇ ಆಗಿರಬಹುದು. ಅವಳು ನಿಂತೇ ಇರುತ್ತಾಳೆ.

ಒಂದು ಕಚೇರಿಯಲ್ಲಿ ಒಬ್ಬ ಅಧಿಕಾರಿ ನಮ್ಮ ನೋಟ್‌ಬುಕ್ಕನ್ನು ತಿರುವಿ ಹಾಕಿ, 'ಫ್ರೀ ಇದೆಯಲ್ಲಮ್ಮಾ, ಇನ್ನೇನು ಬೇಕು?' ಎಂದರು. ನಮ್ಮಲ್ಲಿ ಹಿರಿಯರಾಗಿದ್ದ ಒಬ್ಬರು ತಣ್ಣಗೆ, 'ಬಸ್ಸು ಬೇಕು ಸಾರ್' ಎಂದರು. ನಗು ಬಂತು, ಅವರಿಗೂ ಬಂತು. ಎರಡು ತಿಂಗಳಲ್ಲಿ ಆ ಬಸ್ಸು ಕ್ರಮವಾಗಿ ಬರತೊಡಗಿತು. ತಂಗುದಾಣ ಇನ್ನೂ ಆಗಿಲ್ಲ, ಅರ್ಜಿ ನಗರಸಭೆಯಲ್ಲಿದೆ. ಇದನ್ನು ಗೆಲುವು ಎಂದು ಕರೆಯಲು ನಾನು ಸಿದ್ಧಳಿಲ್ಲ. ಆದರೆ ಆ ಮೂರು ವಾರದ ನೋಟ್‌ಬುಕ್ಕು ಇಲ್ಲದಿದ್ದರೆ ನಮ್ಮ ಮಾತು 'ಹೆಂಗಸರ ಗೊಣಗಾಟ' ಎಂದು ಆ ಮೇಜಿನಿಂದಾಚೆಗೆ ಹೋಗುತ್ತಿರಲಿಲ್ಲ ಎಂಬುದು ಖಂಡಿತ.

ದೊಡ್ಡ ಊರುಗಳಲ್ಲಿ ಇದೇ ಕೆಲಸ ದೊಡ್ಡದಾಗಿ ನಡೆದಿದೆ. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 1,800 ಕೋಟಿ ರೂಪಾಯಿಯ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯ ಪಕ್ಕದಲ್ಲಿ ಕೈಕೈ ಹಿಡಿದು ನಿಂತರು. ಕಾರಿಗಾಗಿ ಇಷ್ಟು ಹಣ ಸುರಿಯುವ ಬದಲು ಬಸ್ಸಿಗೆ, ಉಪನಗರ ರೈಲಿಗೆ ಯಾಕಿಲ್ಲ ಎಂಬುದು ಅವರಲ್ಲಿ ಬಹಳ ಜನರ ಪ್ರಶ್ನೆ. 2017ರ ಮಾರ್ಚಿಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಅದೇ ನಗರದಲ್ಲಿ ಬಸ್ ಪ್ರಯಾಣಿಕರ ವೇದಿಕೆಯೊಂದು ಗಾರ್ಮೆಂಟ್ ಕಾರ್ಮಿಕ ಹೆಣ್ಣುಮಕ್ಕಳ ಜೊತೆಗೂಡಿ ದರ ಇಳಿಸಿ, ಬಸ್ಸು ಹೆಚ್ಚಿಸಿ ಎಂದು ಕೇಳುತ್ತ ಬಂದಿತು. ಶಕ್ತಿ ಯೋಜನೆ ಬರುವುದಕ್ಕೂ ಎಷ್ಟೋ ವರ್ಷ ಮುಂಚೆ, ಸಂಬಳದ ಒಂದು ಭಾಗ ಬಸ್ಸಿಗೇ ಹೋಗುತ್ತದೆ ಎಂದು ಲೆಕ್ಕ ಒಪ್ಪಿಸಿದವರು ಈ ಹೆಣ್ಣುಮಕ್ಕಳು. ಇಂದಿನ ಪುಕ್ಕಟೆಯನ್ನು ಯಾರೋ ಒಬ್ಬರು ಒಂದು ಬೆಳಗ್ಗೆ ಎದ್ದು ದಾನ ಮಾಡಿದರು ಎನ್ನುವ ಮೊದಲು ಅವರನ್ನೂ ನೆನೆಯಬೇಕು.

ಮೆಟ್ರೋ ರೈಲಿನ ಕಥೆ ಇನ್ನೂ ಹೊಸತು. 2025ರ ಫೆಬ್ರುವರಿ 9ರಿಂದ ಅದರ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಮೆಟ್ರೋದಲ್ಲಿ ಹೆಂಗಸರಿಗೂ ಪುಕ್ಕಟೆಯಿಲ್ಲ. ಒಂದು ಸಮಿತಿಯ ವರದಿಯಂತೆ ಏರಿಸಿದ್ದೇವೆ ಎಂದರು. ವರದಿ ತೋರಿಸಿ ಎಂದರೆ ತಿಂಗಳುಗಟ್ಟಲೆ ತೋರಿಸಲಿಲ್ಲ. ಜನ ಕೇಳುತ್ತಲೇ ಹೋದರು, ವಿಷಯ ಹೈಕೋರ್ಟಿನವರೆಗೂ ಮುಟ್ಟಿತು. ಸೆಪ್ಟೆಂಬರಿನಲ್ಲಿ ವರದಿ ಹೊರಬಂತು. ಇಷ್ಟಕ್ಕೂ ಆ ಜನ ಕೇಳಿದ್ದು ಒಂದು ಕಾಗದ: ನಮ್ಮ ಜೇಬಿಗೆ ಕೈಹಾಕುವ ತೀರ್ಮಾನವನ್ನು ಯಾವ ಲೆಕ್ಕದ ಮೇಲೆ ಮಾಡಿದಿರಿ ಎಂದು. ಅದಕ್ಕೆ ಏಳು ತಿಂಗಳು ಬೇಕಾಯಿತು. ಇದೇ ಬೆಂಗಳೂರಿನ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಕೋಟಿ ದಾಟಿದ ಜನರಿರುವ ಊರಿನಲ್ಲಿ ಒಬ್ಬ ಗೃಹಿಣಿ ತನ್ನ ವಾರ್ಡಿನ ತಂಗುದಾಣದ ಬಗ್ಗೆ ಕೇಳಲು ಆರಿಸಿದ ಒಬ್ಬ ಸದಸ್ಯನಾಗಲಿ ಸದಸ್ಯೆಯಾಗಲಿ ಇರಲಿಲ್ಲ. ನಮ್ಮ ಪುಟ್ಟ ಊರುಗಳಲ್ಲಿ ನಗರಸಭಾ ಸದಸ್ಯೆಯ ಮನೆಯ ಬಾಗಿಲು ತಟ್ಟಬಹುದಾದ ದಿನಗಳಲ್ಲಿ ತಟ್ಟದಿರುವುದು ಎಷ್ಟು ದೊಡ್ಡ ನಷ್ಟ ಎಂದು ಇದರಿಂದ ತಿಳಿಯುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಪುಕ್ಕಟೆ ಪಡೆದವಳಿಗೆ ಋಣ ಇಲ್ಲವೆ? ಇದೆ ಎಂದೇ ನನ್ನ ನಂಬಿಕೆ. ಆ ಋಣವನ್ನು ಯಾರಿಗೆ ಸಲ್ಲಿಸಬೇಕು ಎಂಬಲ್ಲಿ ಮಾತ್ರ ನಾವು ದಾರಿ ತಪ್ಪುತ್ತೇವೆ. ಯೋಜನೆಗೆ ಸಹಿ ಹಾಕಿದವರಿಗೆ ಅಲ್ಲ. ಅವರು ಕೊಟ್ಟದ್ದು ಸ್ವಂತ ಜೇಬಿನದ್ದಲ್ಲ. ಋಣವಿರುವುದು ಆ ಬಸ್ಸಿನಲ್ಲಿ ನಮ್ಮ ಜೊತೆ ನಿಂತವರಿಗೆ. 2025ರ ಜನವರಿ 5ರಂದು ರಾಜ್ಯದ ನಾಲ್ಕೂ ನಿಗಮಗಳ ಬಸ್ ದರ ಶೇಕಡಾ 15ರಷ್ಟು ಏರಿತು. ಸಾಮಾನ್ಯ ಬಸ್ಸಿನಲ್ಲಿ ಹೋಗುವ ನಮಗೆ ಅದರ ಬಿಸಿ ತಟ್ಟಲಿಲ್ಲ. ತಟ್ಟಿದ್ದು ಗಾರೆ ಕೆಲಸಕ್ಕೆ ಹೋಗುವ ಗಂಡಸಿಗೆ, ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನಿಗೆ, ನಮ್ಮದೇ ಮನೆಯ ಗಂಡನಿಗೆ, ಮಗನಿಗೆ. ತನಗೆ ನೋವಾದಾಗ ಕೂಗುವುದು ಸಹಜ, ಅದಕ್ಕೆ ನೀತಿ ಬೇಕಿಲ್ಲ. ತನಗೆ ಬಿಸಿ ತಟ್ಟದಿದ್ದಾಗ ತಟ್ಟಿದವರ ಪರವಾಗಿ 'ಏಕೆ ಏರಿತು, ಏರಿದ ಹಣದಿಂದ ಎಷ್ಟು ಬಸ್ಸು ಬಂತು' ಎಂದು ಕೇಳುವುದಕ್ಕೆ ನೀತಿ ಬೇಕು. ನಮ್ಮನ್ನು ನೋಡಿ ಮುಖ ಸಿಂಡರಿಸುವ ಆ ಕಾಸು ಕೊಟ್ಟ ಗಂಡಸಿನ ಜೊತೆ ನಾವೂ ನಿಂತು ಕೇಳಿದ ದಿನ, 'ಪುಕ್ಕಟೆ ಬರ್ತೀರಿ' ಎಂಬ ಮಾತು ಅವನ ಬಾಯಲ್ಲಿ ಅಷ್ಟು ಸುಲಭವಾಗಿ ಬರಲಾರದು.

ಹೀಗೆ ನೋಡಿದರೆ ಕೇಳುವುದು ಕೃತಘ್ನತೆಯಾಗುವುದಿಲ್ಲ, ಅದು ಋಣ ತೀರಿಸುವ ಒಂದು ಬಗೆ. ಹಸುವಿನ ಗಾದೆಗೂ ಒಂದು ಮಾತು ಹೇಳಬಹುದು. ನೆರೆಯವರು ದಾನ ಕೊಟ್ಟ ಹಸುವಿನ ಹಲ್ಲು ಎಣಿಸುವುದು ಬೇಡ, ಒಪ್ಪಿದೆ. ಆದರೆ ಇಡೀ ಕೇರಿಯವರು ಕೂಡಿ ಸಾಕಿದ ಹಸು, ಅದರ ಹಾಲು ಎಲ್ಲರ ಮನೆಗೆ ಹೋಗಬೇಕು ಎಂದಾದರೆ, ಅದಕ್ಕೆ ಮೇವು ಹಾಕಿದ್ದಾರೆಯೇ, ಮೈ ತೊಳೆದಿದ್ದಾರೆಯೇ, ಹಾಲು ಎಲ್ಲಿ ಹೋಗುತ್ತಿದೆ ಎಂದು ನೋಡದಿರುವುದು ಸೌಜನ್ಯವಲ್ಲ.

ಇದಕ್ಕೆಲ್ಲ ಬೀದಿಗಿಳಿಯಬೇಕೆ ಎಂದು ಹೆದರುವವರಿದ್ದಾರೆ. ಇಳಿಯಬೇಕಾದಾಗ ಇಳಿಯುವವರು ಇಳಿಯುತ್ತಾರೆ, ಅವರಿಗೆ ನಮಸ್ಕಾರ. ಅದಕ್ಕೆ ಮುಂಚೆ ಮಾಡಬಹುದಾದ ಸಣ್ಣ ಕೆಲಸಗಳು ಬಹಳ ಇವೆ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕ ಕಟ್ಟಿ, ಕನ್ನಡದಲ್ಲೇ ಅರ್ಜಿ ಬರೆದು ಕೇಳಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಹಾಗಾಗಿ ಉಪನ್ಯಾಸ ಬರೆಯದೆ ನೇರವಾಗಿ ಕೇಳುವುದು ಲೇಸು. ಕಳೆದ ತಿಂಗಳು ನಮ್ಮ ಮಾರ್ಗದಲ್ಲಿ ನಿಗದಿಯಾದ ಟ್ರಿಪ್ಪು ಎಷ್ಟು, ಓಡಿದ್ದು ಎಷ್ಟು? ಇಷ್ಟು ಕೇಳಿದರೆ ಸಾಕು. ಕೇಳುವವರು ಒಬ್ಬರಿದ್ದಾರೆ ಎಂದು ಗೊತ್ತಾದ ಮೇಲೆ ಬರೆಯುವ ಉತ್ತರವೇ ಬೇರೆ ಥರ ಇರುತ್ತದೆ.

ಒಬ್ಬಳೇ ಹೋದರೆ ಅವಳು ಜಗಳಗಂಟಿ ಎನ್ನಿಸಿಕೊಳ್ಳುತ್ತಾಳೆ. ಐದು ಮಂದಿ ಹೋದರೆ ನಿಯೋಗವಾಗುತ್ತದೆ. ಸ್ತ್ರೀಶಕ್ತಿ ಸಂಘಗಳಲ್ಲಿ, ಮಹಿಳಾ ಸಮಾಜಗಳಲ್ಲಿ, ಭಜನಾ ಮಂಡಳಿಗಳಲ್ಲಿ ನಾವು ಈಗಾಗಲೇ ಕೂಡುತ್ತೇವೆ. ಸಾಲದ ಕಂತು ಬರೆಯುವ ಪುಸ್ತಕದ ಕೊನೆಯ ನಾಲ್ಕು ಹಾಳೆ ಬಸ್ಸಿಗೆ ಬಿಟ್ಟರೆ ಯಾವ ನಷ್ಟವೂ ಇಲ್ಲ. ಆಶ್ವಾಸನೆ ಕೊಟ್ಟವರ ಹೆಸರು, ಹುದ್ದೆ, ದಿನಾಂಕ ಬರೆದಿಟ್ಟುಕೊಳ್ಳುವುದನ್ನು ಮರೆಯಬಾರದು. ಚುನಾವಣೆಗೆ ಕೈಮುಗಿದು ಬರುವವರ ಮುಂದೆ ಆ ಹಾಳೆಯನ್ನು ತೆರೆದಿಟ್ಟರೆ ನಾವು ಬೇರೆ ಮಾತು ಆಡಬೇಕಾಗಿಲ್ಲ. ಕೆಲಸ ಆದಾಗ ಒಂದು ಕಾರ್ಡು ಬರೆದು ಧನ್ಯವಾದ ಹೇಳುವುದೂ ಒಳ್ಳೆಯದು. ರಾಬಿನ್‌ಸನ್ ಅವರ ಪತ್ರದಿಂದ ನಾನು ಕಲಿತದ್ದು ಅದು: ಆದದ್ದನ್ನು ನೆನೆದು, ಆಗದ್ದನ್ನು ಕೇಳುವುದು.

ಇದನ್ನು ಓದುತ್ತಿರುವ ನಿಮ್ಮ ಊರಿನಲ್ಲೂ ಸಂಜೆ ಹೊತ್ತಿಗೆ ಬಾರದ ಒಂದು ಬಸ್ಸು ಇದ್ದೀತು. ಅದು ಯಾವ ಘಟಕಕ್ಕೆ ಸೇರಿದ್ದು, ಅದಕ್ಕಾಗಿ ಕಾದು ನಿಲ್ಲುವ ಜಾಗದ ದೀಪ ಯಾರ ಪಾಲಿನದ್ದು ಎಂದು ತಿಳಿದುಕೊಳ್ಳುವುದರಿಂದ ಆರಂಭಿಸಬಹುದು.